ಹಳೆಯ ಬೆಂಚಿನಿಂದ ಹೊಸ ಬಾಗಿಲಿಗೆ

ತಂಗಿ,

ಇದನ್ನು ಅಂಚೆಗೆ ಹಾಕುವುದಿಲ್ಲ. ವಿಳಾಸ ಕೊಟ್ಟು ಹೋಗುವಷ್ಟು ಸೌಜನ್ಯ ನಿನಗೆಲ್ಲಿತ್ತು?

ನಿನ್ನ ಮಗಳು ಇವತ್ತು ಎರಡನೇ ಕ್ಲಾಸಿಗೆ ಹೋದಳು. ಹೋದಳು ಅಂತ ನಾನಂದುಕೊಂಡೆ. ನಾನು ಅತ್ತ ತಿರುಗಿದ್ದೇ ತಡ, ಓಡಿಹೋಗಿ ಹಳೆಯ ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂತುಬಿಟ್ಟಿದ್ದಾಳೆ. ಟೀಚರ್ ಫೋನ್ ಮಾಡಿದರು. ಹೊಲಿಗೆ ಅಂಗಡಿಗೆ ಬೀಗ ಹಾಕಿ ಓಡಿದೆ.

"ಹೊಸ ಕ್ಲಾಸಂದ್ರೆ ಭಯಾನಾ ಪುಟ್ಟಿ?"

"ಭಯ ಏನಿಲ್ಲ ದೊಡ್ಡಮ್ಮ. ಅಮ್ಮ ನನ್ನ ಬಿಟ್ಟು ಹೋಗಿದ್ದು ಈ ಕ್ಲಾಸಲ್ಲಿ. ಬಂದ್ರೆ ಇಲ್ಲೇ ತಾನೆ ಹುಡುಕೋದು?"

ನೀನು ಬರುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಟೀಚರ್ ನನ್ನ ಮುಖ ನೋಡಿ ಸರಕ್ಕನೆ ಬಣ್ಣದ ಕಾಗದ ತಂದರು. "ಬಾ, ಅಮ್ಮಂಗೆ ದಾರಿ ತೋರ್ಸೋಣ" ಅಂದರು. ಹಳೆಯ ಬಾಗಿಲಿನಿಂದ ಹೊಸ ಬಾಗಿಲಿನವರೆಗೆ ಗೋಡೆಯುದ್ದಕ್ಕೂ ಇಬ್ಬರೂ ಸೇರಿ ಬಾಣದ ಗುರುತು ಅಂಟಿಸಿದರು. ಕೊನೆಯದನ್ನು ಅಂಟಿಸಿದವಳೇ ಒಳಗೆ ಹೋಗಿ ಕೂತಳು. ನನಗೆ ಒಂದು ಟಾಟಾ ಕೂಡ ಇಲ್ಲ.

ದಿನಾ ತಲೆ ಬಾಚುವವಳು ನಾನು, ಜ್ವರ ಬಂದರೆ ಪಕ್ಕದಲ್ಲಿ ಕೂರುವವಳು ನಾನು. ಬಾಣ ಮಾತ್ರ ನಿನಗೆ.

ಮೂರನೇ ಕ್ಲಾಸು ಮಹಡಿಯ ಮೇಲಂತೆ. "ಮೆಟ್ಟಿಲಿಗೆ ಜಾಸ್ತಿ ಬೇಕಾಗತ್ತೆ, ಈಗ್ಲೇ ಕತ್ತರಿಸಿಡು" ಎಂದು ಮನೆಗೆ ಬಂದವಳೇ ಶುರು ಮಾಡಿದ್ದಾಳೆ.

ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿ ಮೊಂಡು ಮಾಡುತ್ತೀಯೆಂದು ನಿನ್ನನ್ನು ಎಷ್ಟು ಬೈಯುತ್ತಿದ್ದೆ! ಈಗ ಅದೇ ಕತ್ತರಿ ಹಿಡಿದು, ನೀನು ಹತ್ತದ ಮೆಟ್ಟಿಲಿಗೆ ಬಾಣ ಕತ್ತರಿಸುತ್ತಾ ಕೂತಿದ್ದೇನೆ.

ಅಕ್ಕ