ಅಗಲವಾದ ಬೈತಲೆ

ಜನವರಿ 6, ಬೆಳಗ್ಗೆ 6.40
ಎರಡನೆಯ ದಿನ. ಬೈತಲೆಯ ಉದ್ದಕ್ಕೂ ಕೂದಲು ಬೆಳೆಸುವ ಔಷಧ, ಮಿನಾಕ್ಸಿಡಿಲ್ ಹಚ್ಚಿದೆ. ತಣ್ಣಗೆ, ಸ್ಪಿರಿಟ್ ವಾಸನೆ. ಅವ್ವನದು ಅದೇ ರಾಗ — "ಈ ಹೈದರಾಬಾದ್ ಬೋರ್ ನೀರಿಂದಾನ ಉದುರಾಕತ್ಯಾವ. ನಮ್ಮ ಮನೆತನದಾಗ ಯಾರಿಗೂ ಹಿಂಗಿಲ್ಲ."
ಅಮೀರ್‌ಪೇಟ್‌ನ ಡಾಕ್ಟರ್ ಪೂರ್ವಿ ಹೇಳಿದ್ದು ಬೇರೆ. ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ಬೇರು ಕುಗ್ಗುವುದು ವಂಶದ ಗುಣದಿಂದ, ಹಾರ್ಮೋನಿನಿಂದ. ಅಪ್ಪ-ಅವ್ವ ಯಾರ ಕಡೆಯಿಂದಲೂ ಬರಬಹುದು. ಉದುರಿ ಮತ್ತೆ ಹುಟ್ಟಿದಾಗಲೆಲ್ಲ ಇನ್ನಷ್ಟು ತೆಳ್ಳನೆಯ ಕೂದಲು. ಗಂಡಸರಿಗೆ ಬೋಳು ನೆತ್ತಿ, ನಮಗೆ ಅಗಲ ಬೈತಲೆ. ಇಪ್ಪತ್ತೇಳನೇ ವಯಸ್ಸಿಗೇ! ಆಯ್ತು, ನೋಡೇ ಬಿಡೋಣ.

ಜನವರಿ 27
ಮೊದಲಿಗಿಂತ ಹೆಚ್ಚು ಉದುರುತ್ತಿದೆ. ಅವ್ವ ಔಷಧವನ್ನು ಸಿಂಕಿಗೆ ಸುರಿದಳು. ಡಾಕ್ಟರಿಗೆ ಫೋನ್ ಮಾಡಿದೆ. ಶುರುವಿನಲ್ಲಿ ಹೀಗಾಗುವುದುಂಟು, ಆರು ತಿಂಗಳು ತಾಳಿ, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದರು. ಸಂಜೆ ಕೋಚಿಂಗ್ ಕ್ಲಾಸ್ ಮುಗಿಸಿ ಇನ್ನೊಂದು ಬಾಟಲಿ ತಂದೆ. ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈಗ ಸುರಿಯಲಿ!

ಫೆಬ್ರವರಿ 22
ನಾಳೆ ಬೇಗಂಪೇಟೆಯಿಂದ ಗಂಡಿನ ಕಡೆಯವರು. ಹುಡುಗ ಕಾಶಿನಾಥ, ಬ್ಯಾಂಕ್ ಕೆಲಸ. ಅವ್ವ ಜಡೆಗೆ ಚೌರಿ, ನೆತ್ತಿ ಮುಚ್ಚಲು ಕೂದಲಿನ ಪ್ಯಾಚ್ ತಂದಿದ್ದಾಳೆ.
"ನಾ ಹಾಕ್ಕೊಳ್ಳಂಗಿಲ್ಲ."
ಅವ್ವ ಅತ್ತಳು. ಬಾಗಿಲು ಹಾಕಿ ಸೆರಗು ಸರಿಸಿದಳು. ಬೈತಲೆ ನನ್ನದಕ್ಕಿಂತ ಅಗಲ!
"ನನ್ನ ನೋಡಾಕ ಬಂದಾಗೂ ಚೌರಿನ. ಮೂವತ್ತು ವರ್ಷ ಆತು, ನಿಮ್ಮಪ್ಪನ ಮುಂದ ಒಮ್ಮಿನೂ ಕೂದಲಾ ಬಿಚ್ಚಿಲ್ಲ. ನಡೀತಲ್ಲ?"
ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಹೆದರಿ ಬದುಕಿದ್ದಕ್ಕೆ 'ನಡೀತು' ಅನ್ನುತ್ತಾಳೆ. ನನ್ನ ಕೈಲಾಗದು.

ಫೆಬ್ರವರಿ 23, ಸಂಜೆ 5
ಬಂದರು. ಹುಡುಗನ ತಾಯಿ ಸುಗಲಮ್ಮ ಮಲ್ಲಿಗೆ ಮುಡಿಸಲು ಎದ್ದರು. ತಲೆ ಬಗ್ಗಿಸಿದೆ. ಅವರ ಕೈ ಅಲ್ಲೇ ನಿಂತಿತು.
"ಏನವಾ ದಾನೇಶ್ವರಿ, ನೆತ್ತಿ ಕಾಣಾಕತ್ತೈತಿ! ಜಡ್ಡೇನರ ಐತೇನು?"
"ಜಡ್ಡಲ್ಲರಿ, ವಂಶದ ಗುಣ. ಔಷಧ ಹಚ್ಚಾಕತ್ತೀನಿ. ಬಂದ್ರ ಬರ್ತಾವ. ಇಲ್ಲಾಂದ್ರ ನಾ ಹಿಂಗ ಇರ್ತೀನಿ."
"ಯಾರ ಕಡಿಂದ ಬಂತು?" ಎಂದು ಅಪ್ಪನ ತಲೆ ನೋಡಿದರು. ಅಪ್ಪನಿಗೆ ತುಂಬುಗೂದಲು. ತಬ್ಬಿಬ್ಬಾದ. "ನಮ್ಮ ಕಡೆ ಯಾರಿಗೂ ಇಲ್ಲರಿ."
ಅಡುಗೆಮನೆಯಿಂದ ಅವ್ವ ಬಂದಳು. "ನನ್ನಿಂದರಿ." ಎಲ್ಲರೆದುರು ಸೆರಗು ತೆಗೆದಳು. ಪಿನ್ನು ಒಂದೊಂದೇ ಕಿತ್ತಳು. ಚೌರಿ ಕೈಗೆ ಬಂತು.
'ಫೋನ್ ಮಾಡ್ತೀವಿ' ಎಂದು ಹೋದರು. ಮಾಡಲಾರರು. ಬಿಡಲಿ.
ಅವ್ವ ಇನ್ನೂ ಸೆರಗು ಹೊದ್ದಿಲ್ಲ. ಒಳಕೋಣೆಯಲ್ಲಿ ಅಪ್ಪನೆದುರು ಕೂತಿದ್ದಾಳೆ. ಈಗ ಅಪ್ಪನ ದನಿ — "ಗದಿಗೆಮ್ಮ, ಇಷ್ಟು ವರ್ಷ ಒಬ್ಬಾಕಿನ ಹೆಂಗ ಇದನ್ನ ಮುಚ್ಚಿಟ್ಕೊಂಡಿದ್ದಿ? ನನಗ ಹೇಳಬಾರದಿತ್ತೇನು?"