ಬಿಳಿ ಹೂವಿನ ಡಬ್ಬಿ

ಏಪ್ರಿಲ್ ೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ, ಅದನ್ನು ಎತ್ತಿ ನೋಡಿ ಮತ್ತೆ ಅದೇ ಜಾಗದಲ್ಲಿ ಇಟ್ಟುಬಿಡುತ್ತಿದ್ದೆ. ಬೈದುಕೋ, ತಪ್ಪು ನನ್ನದೇ. ಕೆಲಸ ಜಾಸ್ತಿ ಇತ್ತು ಅಂತ ಹೇಳಿದರೆ ನೀನು ನಂಬುವವಳಲ್ಲ. ಪೆನ್ನು ಹಿಡಿದರೆ ಎಲ್ಲಾ ಬರೆದುಬಿಡುತ್ತೀನಿ ಅನ್ನೋ ಭಯಕ್ಕೇ ಹಿಡಿಯಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ಮಹಡಿ ಹತ್ತಬೇಡ ಅಂತ ನಿನ್ನ ಮಗಳು ಹೇಳಿದ್ದನ್ನು ಕೇಳು. ನಿನಗೆ ಹೇಳೋದು ಬರುತ್ತೆ, ಕೇಳೋದು ಬರಲ್ಲ.

ಇಲ್ಲಿ ಚಳಿ ಹೋಯಿತು. ಬೀದಿಯ ಮರಗಳೆಲ್ಲ ಒಟ್ಟಿಗೇ ಹೂ ಬಿಟ್ಟಿವೆ. ನಮ್ಮ ಸೊಪ್ಪಿನ ಅಂಗಡಿಯ ಕಿಟಕಿ ಕಟ್ಟೆ ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಹೂವಿನ ಹಳದಿ ಪುಡಿ. ನೀನು ಇಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದಾಗ ಈ ಕಾಲ ಬಂದರೆ ನಮಗೆ ಸುಗ್ಗಿ ಅಂತಿದ್ದೆಯಲ್ಲ, ಹಾಗೇ ಜನ ಬಂದರು. ಮೂಗು ಸೋರುವವರು, ಕಣ್ಣು ಉರಿಯುವವರು, ಏನೂ ಇಲ್ಲದೆ ಸುಮ್ಮನೆ ಮೈಭಾರ ಅನ್ನುವವರು. ಪುದೀನ, ಶುಂಠಿ, ನಿಂಬೆಹುಲ್ಲು, ಸೋಂಪು, ಎಲ್ಲಾ ನೀನು ತೋರಿಸಿಕೊಟ್ಟ ಅಳತೆಯಲ್ಲೇ ಕಲೆಸಿ ಪೊಟ್ಟಣ ಕಟ್ಟುತ್ತಿದ್ದೆ. ಮೃದುವಾದ ಸೊಪ್ಪು, ಯಾರಿಗೂ ಕೆಟ್ಟದ್ದು ಮಾಡದ ಸೊಪ್ಪು ಅಂತ ಹೇಳಿ ಹೇಳಿ ನನ್ನ ನಾಲಿಗೆಗೆ ಅದು ಪಾಠವಾಗಿಬಿಟ್ಟಿತ್ತು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಗನಿಗೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿದೆ, ಈಗ ಊಟಕ್ಕೆ ಮನೆಗೇ ಬರುತ್ತಾನೆ. ಸೊಸೆ ಶಾಲೆಯ ಕೆಲಸದ ಜೊತೆ ಮನೆಯನ್ನೂ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾಳೆ. ಮೊಮ್ಮಗಳಿಗೆ ಸ್ವಲ್ಪ ನೆಗಡಿ, ಅಷ್ಟೇ. ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಥೇಟ್ ನಮ್ಮ ಅಪ್ಪ.

ಈಗ ವಿಷಯಕ್ಕೆ ಬರುತ್ತೀನಿ. ಪಕ್ಕದ ಅಂಗಡಿಯ ಟೈಲರಮ್ಮ ನಿನಗೆ ಗೊತ್ತಲ್ಲ, ನಿನ್ನ ರವಿಕೆಯ ತೋಳು ಬಿಗಿ ಮಾಡಿಟ್ಟು ನಿನ್ನಿಂದ ಬೈಸಿಕೊಂಡವಳು. ಈ ಸಲ ಅವಳಿಗೆ ಸೀನು ಹಿಡಿದದ್ದು ಬಿಡಲೇ ಇಲ್ಲ. ಹೊಲಿಗೆ ಮಿಷನ್ನಿನ ಸದ್ದಿನ ಮಧ್ಯೆ ಅವಳ ಸೀನೂ ಗೋಡೆಯಾಚೆಯಿಂದ ಕೇಳುತ್ತಿತ್ತು. ನಿದ್ದೆಯೂ ಇಲ್ಲ ಅಂದಳು. ನಾನು ಯೋಚನೆ ಮಾಡಿ, ಮಾಮೂಲಿ ಸೊಪ್ಪಿನ ಜೊತೆ ಕ್ಯಾಮೊಮೈಲ್ ಹೂವು ಸೇರಿಸಿಕೊಟ್ಟೆ. ಸೇವಂತಿಗೆಯ ಸಣ್ಣ ತಂಗಿ ಹಾಗಿರುತ್ತಲ್ಲ, ಆ ಬಿಳಿ ಹೂವು. ಮಕ್ಕಳಿಗೂ ಕೊಡುತ್ತಾರೆ, ನಿದ್ದೆ ಬರುತ್ತೆ ಅಂತ.

ಮೊದಲನೇ ಸಲ ಕುಡಿದು ಬಂದು, "ಅಕ್ಕ, ಗಂಟಲು ಯಾಕೋ ಕೆರೀತಾ ಇದೆ" ಅಂದಳು. "ಕಫ ಕರಗ್ತಾ ಇದೆ, ಬಿಡಬೇಡ, ಕುಡಿ" ಅಂದೆ ನಾನು. ಹಾಗಂದಿದ್ದು ನಾನೇ ಅಕ್ಕ, ಬೇರೆ ಯಾರೂ ಅಲ್ಲ.

ಮಾರನೆಯ ದಿನ ಮಧ್ಯಾಹ್ನ ನನ್ನ ಅಂಗಡಿಗೇ ಬಂದು ಕೂತಳು. ಹೆಗಲ ಮೇಲೆ ಅಳತೆ ಟೇಪು ಹಾಗೇ ಇತ್ತು. ನಾನೇ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಯಾವುದೋ ಮದುವೆ ಹೆಣ್ಣಿನ ತಾಯಿಯ ಬಗ್ಗೆ ತಮಾಷೆ ಮಾಡುತ್ತಾ ಅರ್ಧ ಕುಡಿದಳು. ಮಾತು ನಿಲ್ಲಿಸಿದಳು. ಎದೆ ಉಜ್ಜಿಕೊಂಡಳು. ತುಟಿ ಊದಿಕೊಳ್ಳುವುದು ನನ್ನ ಕಣ್ಣೆದುರೇ ಕಾಣಿಸಿತು. ಉಸಿರು ಒಳಗೆ ಹೋಗುವಾಗ ಶಿಳ್ಳೆ ಹಾಕಿದ ಹಾಗೆ ಸದ್ದು. ನನ್ನ ಕೈ ಹಿಡಿದುಕೊಂಡಳು, ಆ ಹಿಡಿತ ಈಗಲೂ ಮಣಿಕಟ್ಟಿನಲ್ಲಿದೆ. ಏನೋ ಹೇಳಬೇಕು ಅಂತ ಬಾಯಿ ಬಿಡುತ್ತಾಳೆ, ದನಿ ಇಲ್ಲ.

ನಾನು ಬೀದಿಗೆ ಓಡಿ ಕಂಡ ವ್ಯಾನಿಗೆ ಅಡ್ಡ ನಿಂತೆ. ಬ್ರೆಡ್ ಹಂಚುವವನ ವ್ಯಾನು. ಅವನು ಪುಣ್ಯಾತ್ಮ, ಒಂದು ಮಾತೂ ಕೇಳದೆ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಹಿಂದೆ ಬ್ರೆಡ್ಡಿನ ಟ್ರೇಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತೆ. ದಾರಿಯುದ್ದಕ್ಕೂ ಅವಳ ಶಿಳ್ಳೆಯನ್ನೇ ಕೇಳುತ್ತಿದ್ದೆ. ಕೇಳಿದರೆ ಭಯ, ನಿಂತರೆ ಇನ್ನೂ ಭಯ. ಸಿಗ್ನಲ್ಲಿನ ಹತ್ತಿರ ಅದು ನಿಂತ ಹಾಗಾಯಿತು. ಜೀವ ಬಾಯಿಗೆ ಬಂತು ಅಂತಾರಲ್ಲ, ನನಗೆ ಆವತ್ತು ಅದರ ಅರ್ಥ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಅವಳ ಗಂಡ ಬಂದ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೊರಗೆ ಬಂದು ಕೇಳಿದರು, "ಇವತ್ತು ಹೊಸದಾಗಿ ಏನಾದರೂ ತಿಂದರಾ, ಕುಡಿದರಾ?"

"ಏನೂ ಇಲ್ಲ ಮೇಡಂ" ಅಂದ ಅವನು. "ಇವರು ಕೊಡೋ ಸೊಪ್ಪಿನ ಟೀ ಒಂದು ಬಿಟ್ಟರೆ. ಅದೇನು ಬಿಡಿ, ಅದೇ ಔಷಧಿ."

ಅಕ್ಕ, ಅವನು ಅದನ್ನು ನನ್ನ ಪರವಾಗಿ ಹೇಳಿದ. ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಆಮೇಲೆ, "ಅದರಲ್ಲಿ ಕ್ಯಾಮೊಮೈಲ್ ಹೂವಿತ್ತು, ಅದನ್ನು ಕುಡೀತಿದ್ದ ಹಾಗೇ ಹೀಗಾಯಿತು" ಅಂದೆ. ನನ್ನ ದನಿ ನನಗೇ ಯಾರದೋ ದನಿಯ ಹಾಗೆ ಕೇಳಿಸಿತು. ಡಾಕ್ಟರು ತಕ್ಷಣ ಒಳಗೆ ಹೋದರು. ಅವಳ ಗಂಡ ನನ್ನ ಮುಖ ನೋಡಲಿಲ್ಲ. ಗೋಡೆಗೆ ಒರಗಿ ನೆಲ ನೋಡುತ್ತಾ ನಿಂತ. ಆ ಬೆಂಚಿನ ಮೇಲೆ ಕೂತು ನಾನು ಯಾವ ದೇವರನ್ನು ಏನು ಕೇಳಿದೆನೋ ನೆನಪಿಲ್ಲ. ಅವಳ ಹೆಗಲಿಂದ ಜಾರಿದ ಅಳತೆ ಟೇಪು ನನ್ನ ಕೈಯಲ್ಲಿತ್ತು, ಅದನ್ನು ಸುತ್ತುವುದು, ಬಿಚ್ಚುವುದು, ಅದೇ ಮಾಡುತ್ತಿದ್ದೆ.

ಉಳಿದುಕೊಂಡಳು. ಇದನ್ನು ಮೊದಲೇ ಬರೆಯಬೇಕಿತ್ತು, ನೀನು ಗಾಬರಿಯಾಗಿರುತ್ತೀಯ. ಚುಚ್ಚುಮದ್ದು ಕೊಟ್ಟರು, ಮೂಗಿಗೆ ಗಾಳಿ ಇಟ್ಟರು, ಸಂಜೆಯ ಹೊತ್ತಿಗೆ ತುಟಿಯ ಊತ ಇಳಿಯಿತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: ಕೆಲವರಿಗೆ ಈ ಕಾಲದ ಹೂಪುಡಿ ಆಗಿಬರಲ್ಲ. ಅಂಥವರಲ್ಲಿ ಕೆಲವರಿಗೆ ಸೇವಂತಿಗೆ ಜಾತಿಯ ಹೂವಿನ ಕಷಾಯವೂ ಆಗಿಬರಲ್ಲ. ಯಾವ ಪುಡಿಗೆ ಸೀನುತ್ತಿದ್ದಳೋ ಅದರ ನೆಂಟನನ್ನೇ ನಾನು ಲೋಟದಲ್ಲಿ ಹಾಕಿಕೊಟ್ಟೆ. "ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಹೇಳಿದ್ದು ಒಳ್ಳೇದಾಯಿತು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ಕಥೆ ಕೇಳು. ವಾರ ಕಳೆದು ಟೈಲರಮ್ಮ ಬಂದಳು, ಮುಖ ಇಳಿದಿತ್ತು, ನಗು ಮಾತ್ರ ಅದೇ. ಸ್ಟೂಲ್ ಎಳೆದುಕೊಂಡು ಕೂತು, "ಅಕ್ಕ, ಆ ಹೂವೊಂದು ಬಿಟ್ಟು ಬೇರೆ ಏನಾದರೂ ಕೊಡಿ, ಮೂಗು ಕಟ್ಟಿದೆ" ಅಂದಳು.

"ನಿನಗೆ ಭಯ ಆಗಲ್ವೇನೇ?" ಅಂದೆ.

"ನೀವು ಬೇಕು ಅಂತ ಮಾಡಿದ್ದಾ? ವ್ಯಾನಿಗೆ ಅಡ್ಡ ನಿಂತವರು ನೀವೇ ಅಲ್ವಾ?"

ಅವಳಿಗೆ ಭಯ ಇಲ್ಲ, ನನಗಿದೆ. ಪುದೀನದ ಡಬ್ಬಿಗೆ ಕೈ ಹಾಕಿದೆ, ಮುಚ್ಚಳ ತೆಗೆಯುವುದಕ್ಕೆ ಬೆರಳು ಬಗ್ಗಲಿಲ್ಲ. ಕೊನೆಗೆ ಬರೀ ಬಿಸಿನೀರು ಕೊಟ್ಟೆ. "ಇದಕ್ಕೆ ನಮ್ಮನೇಲೂ ಒಲೆ ಇದೆ" ಅಂತ ನಕ್ಕು, ಕುಡಿದು ಹೋದಳು. ಅವಳು ಕುಡಿಯುವಷ್ಟು ಹೊತ್ತೂ ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ, ಬಿಸಿನೀರಿಗೂ.

ಹಾವು ಕಡಿದವನಿಗೆ ಹಗ್ಗ ಕಂಡರೂ ಹೆದರಿಕೆ ಅನ್ನು ಬೇಕಾದರೆ. ಈಗ ಬಂದವರನ್ನೆಲ್ಲ ಪೊಲೀಸಿನವರ ಹಾಗೆ ಪ್ರಶ್ನೆ ಕೇಳುತ್ತೀನಿ. ಯಾವ ಮಾತ್ರೆ ತಗೋತೀರಿ, ಯಾವುದು ಮೈಗೆ ಆಗಲ್ಲ, ಬಸುರಿಯೇನಮ್ಮ, ಉಬ್ಬಸ ಇದೆಯಾ. ಕೆಲವರು ಬೇಜಾರಾಗಿ ಎದ್ದು ಹೋಗುತ್ತಾರೆ. ಹೋಗಲಿ. ಎದೆ ಬಿಗಿ ಅಂದವರಿಗೆ ಸೊಪ್ಪು ಕೊಡದೆ ಡಾಕ್ಟರ ಹತ್ತಿರ ಕಳಿಸುತ್ತೀನಿ. ಮೊನ್ನೆ ಅಂಚೆಯವನು ನಗಾಡಿದ, "ಏನಮ್ಮ, ಅಂಗಡಿ ಇಟ್ಟಿರೋದು ಕೊಡೋದಕ್ಕಾ, ಕೊಡದೇ ಇರೋದಕ್ಕಾ?" ಬಿಳಿ ಹೂವಿನ ಡಬ್ಬಿ ಖಾಲಿ ಮಾಡಿ ತೊಳೆದು ಬಿಸಿಲಿಗಿಟ್ಟೆ. ಹೂವಿನ ತಪ್ಪೇನಿಲ್ಲ, ಗೊತ್ತು. ಎಷ್ಟು ಜನ ಕುಡಿದು ಹಾಯಾಗಿ ಮಲಗಿದ್ದಾರೆ. ಆದರೆ ಮುಂದೆ ಕೂತವರು ಯಾರು, ಅವರ ಮೈ ಏನು ಹೇಳುತ್ತೆ, ಅದನ್ನು ಕೇಳದೆ "ಮೃದು, ಮೃದು" ಅಂತ ಹೊಯ್ದುಕೊಡುತ್ತಿದ್ದೆನಲ್ಲ, ಅದನ್ನು ನೆನೆದರೆ ರಾತ್ರಿ ಎದ್ದು ಕೂರುತ್ತೀನಿ. ಹಿಂದಿನ ವರ್ಷಗಳಲ್ಲಿ ಪೊಟ್ಟಣ ಒಯ್ದು ಮತ್ತೆ ಬರದೇ ಹೋದವರ ಮುಖಗಳು ಕಣ್ಣ ಮುಂದೆ ಬರುತ್ತವೆ. ಅವರೆಲ್ಲ ವಾಸಿಯಾಗಿ ಬರಲಿಲ್ಲವೋ, ಇನ್ನೇನೋ ಆಗಿ ಬರಲಿಲ್ಲವೋ, ಯಾರನ್ನು ಕೇಳಲಿ?

ನೀನು ಪಕ್ಕದಲ್ಲಿದ್ದಿದ್ದರೆ ತಲೆಗೊಂದು ಮೊಟಕಿ, "ಬಾಗಿಲು ತೆಗಿ, ಹೆದರಿಕೊಂಡೇ ಕೆಲಸ ಮಾಡು" ಅನ್ನುತ್ತಿದ್ದೆ. ಅದನ್ನೇ ನಾಲ್ಕು ಸಾಲು ಬರೆದು ಕಳಿಸು. ನಿನ್ನ ಕೈಬರಹದಲ್ಲಿ ಓದಬೇಕು.

ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ತಣ್ಣಗಿರಲಿ. ನಿನ್ನ ಮಂಡಿ ನಿನ್ನ ಮಾತು ಕೇಳಲಿ. ದೊಡ್ಡವಳು ನೀನು, ನನಗೂ ಒಂದು ಆಶೀರ್ವಾದ ಎತ್ತಿಡು.

ಇಂತಿ ನಿನ್ನ ತಂಗಿ,
ಮೊಂಡಿ

ಮರೆತಿದ್ದು: ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರೆದೆ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಿನ್ನೆ ಮೊಮ್ಮಗಳಿಗೆ ಮೂಗು ಕಟ್ಟಿದೆ ಅಂತ ಪುದೀನದ ಎರಡು ಎಲೆ ಹಾಕಿ ನೀರು ಕಾಯಿಸಿದ್ದೆ. ಆ ಮಗು ಹುಟ್ಟಿದಾಗಿನಿಂದ ನನ್ನ ಕೈಯಲ್ಲೇ ಕುಡಿದು ಬೆಳೆದದ್ದು. ಸೊಸೆ ಬಂದು ಲೋಟ ಇಸಕೊಂಡು, ಬಚ್ಚಲಿಗೆ ಚೆಲ್ಲಿ, ತೊಳೆದು ಬೋರಲು ಹಾಕಿದಳು. ಕೋಪ ಮಾಡಲಿಲ್ಲ. "ಅತ್ತೆ, ಬೇಜಾರು ಮಾಡ್ಕೋಬೇಡಿ, ಸದ್ಯಕ್ಕೆ ಬೇಡ" ಅಂದಳು. ಹೆತ್ತ ತಾಯಿ ಅವಳು, ಅವಳದೇನು ತಪ್ಪು. ನಿಜ ಹೇಳಲಾ, ಲೋಟ ಕೈಬಿಟ್ಟು ಹೋದಾಗ ನನಗೆ ಸಮಾಧಾನವೇ ಆಯಿತು. ಇವತ್ತು ಮಗು ಆಡಿ ಬಂದು ಬಾಯಾರಿಕೆ ಅಂದಳು. ಬರೀ ನೀರು ಕೊಟ್ಟೆ. ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, "ಅಮ್ಮ, ಅಜ್ಜಿ ಕೊಟ್ಟಿದ್ದು, ಇದು ಕುಡೀಬಹುದಾ?" ಅಂತ ಕೇಳಿದಳು. ನಾನೂ ಬಾಗಿಲ ಹತ್ತಿರ ನಿಂತು, ಅವಳಮ್ಮ ಏನು ಹೇಳುತ್ತಾಳೋ ಅಂತ ಕಾದೆ.