ಬೀಗರೂಟದಲ್ಲಿ ಎಲೆ ಮಡಚಿದವನ ಅಹವಾಲು

ಔಷಧಿ ಡಬ್ಬಿಯೊಳಗಿನ ಚೀಟಿಗೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಹುದ್ದೆಯ ಸರಿಯಾದ ಹೆಸರು ನನಗೆ ತಿಳಿಯದು. ಮೂರು ಕಡೆ ವಿಚಾರಿಸಿದೆ. ಮೂವರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ತಾವು ಯಾರೇ ಆಗಿರಿ, ದೂರು ಇಷ್ಟು: ತಮ್ಮ ಒಪ್ಪಿಗೆ ಪಡೆದ ಚೀಟಿಯೊಂದರಲ್ಲಿ ನಾಲ್ಕು ಸಾಲು ಕನ್ನಡ ಇಲ್ಲದ ಕಾರಣ, ಮೂಡಲಪಾಳ್ಯದಲ್ಲಿರುವ ನನ್ನ ಮಗಳ ಗಂಡನ ಮನೆಯಲ್ಲಿ, ಎಂಬತ್ತು ವರ್ಷದ ಅಜ್ಜಿಯೊಬ್ಬರು ಹತ್ತು ತಿಂಗಳಿಂದ ಸೌಟು ಮುಟ್ಟಿಲ್ಲ. ಇದಕ್ಕೂ ತಮ್ಮ ಕಚೇರಿಗೂ ಏನು ಸಂಬಂಧ ಎಂದು ತಾವು ಹುಬ್ಬೇರಿಸುವುದು ಇಲ್ಲಿಗೇ ಕಾಣಿಸುತ್ತಿದೆ. ಸ್ವಲ್ಪ ತಾಳ್ಮೆ ಇರಲಿ. ತಮ್ಮ ಚೀಟಿ ಓದುವಾಗ ನಾನು ಪಟ್ಟ ತಾಳ್ಮೆಯ ಹತ್ತನೇ ಒಂದು ಪಾಲು ಸಾಕು.

ನಾನು ಮೋಹನ್ ಕುಮಾರ್. ಗೋವಿಂದರಾಜನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ವಯಸ್ಸು ಐವತ್ತಾರು, ಸಕ್ಕರೆ ಕಾಯಿಲೆ ಇದೆ, ಹೋದ ವರ್ಷದ ಸಂಕ್ರಾಂತಿಯವರೆಗೆ ನೂರಾ ಎಂಟು ಕಿಲೋ ತೂಗುತ್ತಿದ್ದೆ. ಊಟದ ವಿಷಯದಲ್ಲಿ ನಾನು ಎಂದೂ ಯಾರಿಗೂ ನಿರಾಸೆ ಮಾಡಿದವನಲ್ಲ. ನನ್ನ ತಲೆಯೊಳಗೆ ಒಬ್ಬ ಹೋಟೆಲ್ ಸಪ್ಲೈಯರ್ ಕಾಯಂ ನೌಕರಿಗಿದ್ದ. ಬೆಳಿಗ್ಗೆ ಐದೂವರೆಗೆ ಎದ್ದವನೇ "ಏನ್ ಕೊಡ್ಲಿ ಸಾರ್, ಬಿಸಿ ಇಡ್ಲಿ ಇದೆ, ಖಾಲಿ ದೋಸೆ ಇದೆ" ಎಂದು ಶುರು ಮಾಡಿದರೆ ರಾತ್ರಿ ನಾನು ಮಲಗುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಗಿರಾಕಿಗೆ ಅರ್ಧ ಇಂಚಿನ ಪೈಪು ಅಳೆದು ಕೊಡುವಾಗಲೂ ಅವನು ಕಿವಿಯಲ್ಲಿ ಮದ್ದೂರು ವಡೆ ಎನ್ನುತ್ತಿದ್ದ. ಎಲ್ಲರ ತಲೆಯೊಳಗೂ ಇಂಥವನೊಬ್ಬ ಇರುತ್ತಾನೆಂದೇ ಐವತ್ತೈದು ವರ್ಷ ನಂಬಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಪೆನ್ನಿನ ಹಾಗಿರುತ್ತದೆ, ಹೊಟ್ಟೆಗೆ ನಾವೇ ಚುಚ್ಚಿಕೊಳ್ಳಬೇಕು. ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರ ಬೆಳಿಗ್ಗೆ ಎದ್ದರೆ ತಲೆಯೊಳಗೆ ಸದ್ದೇ ಇಲ್ಲ! ಸಪ್ಲೈಯರ್ ಹೇಳದೆ ಕೇಳದೆ ರಜೆ ಹಾಕಿದ್ದ. ಹೆಂಡತಿ ಸುಮಾ ಅಕ್ಕಿರೊಟ್ಟಿ ತಟ್ಟಿದಳು. ಒಂದು ತಿಂದು "ಸಾಕು" ಎಂದೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ನನ್ನ ಬಾಯಿಂದ ಆ ಪದ ಕೇಳಿದ್ದು ಅದೇ ಮೊದಲು. ಐದನೆಯ ದಿನವೂ ಅದನ್ನೇ ಅಂದಾಗ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ನಿಜ ಹೇಳ್ಬಿಡಿ. ಯಾರ್ ಮನೇಲಿ ತಿಂದ್ಕೊಂಡ್ ಬರ್ತಾ ಇದೀರಾ?" ಸಂಸಾರ ಉಳಿಸಿಕೊಳ್ಳಲು ಇಂಜೆಕ್ಷನ್ನಿನ ವಿಷಯ ಅವಳಿಗೊಬ್ಬಳಿಗೆ ಹೇಳಿದೆ.

ಮಿಕ್ಕವರಿಗೆ ಹೇಳಲಿಲ್ಲ. ಇಲ್ಲಿ ನನ್ನ ತಪ್ಪು ಶುರುವಾಗುತ್ತದೆ, ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿದಾಗ ಪಾರ್ಕಿನಲ್ಲಿ ನನ್ನ ಸುತ್ತ ಜನ ಸೇರತೊಡಗಿದರು. "ಏನ್ ಸಾರ್ ಗುಟ್ಟು?" ಸೂಜಿ ಎಂದರೆ ಕಾಯಿಲೆ ಬಿದ್ದವನಾಗುತ್ತೇನೆ, ವಾಕಿಂಗ್ ಎಂದರೆ ವೀರ. "ದಿನಾ ಆರು ಕಿಲೋಮೀಟರ್ ವಾಕಿಂಗು, ಖಾಲಿ ಹೊಟ್ಟೆಗೆ ಜೀರಿಗೆ ನೀರು" ಎಂದುಬಿಟ್ಟೆ. ನಾನು ನಡೆಯುತ್ತಿದ್ದುದು ಪಾರ್ಕಿನ ಗೇಟಿನಿಂದ ಕಲ್ಲುಬೆಂಚಿನವರೆಗೆ. ನನ್ನ ಮಾತು ನಂಬಿ ಜೀರಿಗೆ ನೀರು ಕುಡಿಯುತ್ತಿರುವ ಇಬ್ಬರು ನಿವೃತ್ತ ಮೇಷ್ಟರುಗಳು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ನಿಶ್ಚಿತಾರ್ಥದ ದಿನ ನಮ್ಮ ಬೀಗರಾದ ರಾಮಯ್ಯನವರಿಗೂ ಇದನ್ನೇ ಹೇಳಿದೆ. ಎಷ್ಟು ಜೀರಿಗೆ, ಎಷ್ಟು ಲೋಟ ನೀರು ಎಂದೂ ವಿವರಿಸಿದೆ. ಸುಳ್ಳು ಹೇಳಲು ಕೂತ ಮೇಲೆ ಅಚ್ಚುಕಟ್ಟಾಗಿ ಹೇಳಬೇಕಲ್ಲವೇ?

ಮೇ ತಿಂಗಳಲ್ಲಿ ಮಗಳು ದಿವ್ಯಳ ಮದುವೆ ರಾಮಯ್ಯನವರ ಮಗ ಗೌತಮ್ ಜೊತೆ ಚೆನ್ನಾಗಿಯೇ ಆಯಿತು. ಎಂಟನೆಯ ದಿನ, ಭಾನುವಾರ, ಅವರ ಮನೆಯಲ್ಲಿ ಬೀಗರೂಟ. ತಾವು ಯಾವ ಕಡೆಯವರೋ, ಆದ್ದರಿಂದ ಹೇಳುತ್ತೇನೆ: ನಮ್ಮಲ್ಲಿ ಬೀಗರೂಟ ಎಂದರೆ ಊಟವಲ್ಲ, ಪರೀಕ್ಷೆ. ಹೆಣ್ಣಿನ ಕಡೆಯವರು ಎಷ್ಟು ಉಂಡರು ಎಂಬುದರ ಮೇಲೆ ಗಂಡಿನ ಮನೆಯ ಮರ್ಯಾದೆ ನಿಂತಿರುತ್ತದೆ. ಮೂಡಲಪಾಳ್ಯ ಹೊಲಗದ್ದೆಯ ಹಳ್ಳಿಯಾಗಿದ್ದ ಕಾಲದಿಂದ ಆ ಮನೆಯ ಬೀಗರೂಟಕ್ಕೆ ಮಸಾಲೆ ರುಬ್ಬಿದವರು ರಾಮಯ್ಯನವರ ತಾಯಿ ಪಾಪಮ್ಮನವರೇ. ಅವತ್ತೂ ಮಿಕ್ಸಿಯನ್ನು ಆಚೆ ಸರಿಸಿ, ಒರಳುಕಲ್ಲಿನ ಮುಂದೆ ಕೂತು ಅವರೇ ರುಬ್ಬಿದ್ದರು. ಮನೆ ಮುಂದೆ ರಸ್ತೆಗೇ ಶಾಮಿಯಾನ, ಬಾಳೆಲೆ, ಮುದ್ದೆ, ಮಟನ್ ಸಾರು, ಕುರಿಕರುಳಿನ ಬೋಟಿ ಗೊಜ್ಜು. ಎಲೆಯ ಮುಂದೆ ಕೂತ ನನಗೆ ಅದಕ್ಕೆ ಎರಡು ದಿನ ಮೊದಲಷ್ಟೇ ಡೋಸ್ ಏರಿಸಲಾಗಿತ್ತು.

ಮೊದಲ ತುತ್ತು ಸ್ವರ್ಗ. ಎರಡನೆಯದೂ ಚೆನ್ನಾಗಿಯೇ ಇಳಿಯಿತು. ಮೂರನೆಯದಕ್ಕೆ ಕೈ ಹಾಕಿದರೆ ಹೊಟ್ಟೆ ಬಾಗಿಲು ಹಾಕಿಕೊಂಡಿತು. ನಾಲಿಗೆ ಬೇಕು ಎನ್ನುತ್ತಿದೆ, ಗಂಟಲು ಆಗದು ಎನ್ನುತ್ತಿದೆ, ಅಷ್ಟರಲ್ಲಿ ರಾಮಯ್ಯನವರು ಸೌಟು ಹಿಡಿದು ತಲೆಯ ಮೇಲೆ ನಿಂತಿದ್ದಾರೆ. "ಬೀಗ್ರೇ, ನಾಚ್ಕೋಬೇಡಿ, ಇನ್ನೆರಡ್ ಪೀಸ್ ಹಾಕಿಸ್ಕೊಳ್ಳಿ. ನಮ್ಮಮ್ಮ ಕೈಯಾರೆ ಮಾಡಿರೋದು." ಬೇಡ ಎನ್ನಲು ಬಾಯಿ ಬರಲಿಲ್ಲ. ಹಾಕಿಸಿಕೊಂಡೆ. ಪಂಕ್ತಿ ಏಳುವ ಹೊತ್ತಿಗೆ ಅಕ್ಕಪಕ್ಕ ನೋಡಿ ಗಬಕ್ಕನೆ ಎಲೆ ಮಡಚಿ ಕೈತೊಳೆಯಲು ಓಡಿದೆ. ಮಡಚಿದ ಎಲೆ ದಿಂಬಿನ ಹಾಗೆ ಉಬ್ಬಿತ್ತು. ಆ ದಾರಿಯಾಗಿ ಬಂದ ಪಾಪಮ್ಮನವರು ಬಗ್ಗಿ ಅದನ್ನು ಬಿಚ್ಚಿ ನೋಡಿದರು. ಒಂದು ಮುದ್ದೆ ಹೆಚ್ಚುಕಡಿಮೆ ಇಡಿಯಾಗಿ, ಆರು ತುಂಡು ಮಾಂಸ, ಮುಟ್ಟದ ಬೋಟಿ. ಅವರು ಬಯ್ಯಲಿಲ್ಲ. ಒದ್ದೆ ಕೈಯಲ್ಲಿ ನಿಂತಿದ್ದ ನನ್ನ ಮುಖ ನೋಡಿ, "ಬ್ಯಾಡ ಅಂದಿದ್ರೆ ಬಡಿಸ್ತಿರ್ಲಿಲ್ವಲ್ಲಪ್ಪಾ" ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾರದೊಳಗೆ ದಿವ್ಯಳ ಫೋನು. "ಅಪ್ಪಾ, ಅಜ್ಜಿ ಅಡಿಗೆಮನೆಗೇ ಬರ್ತಾ ಇಲ್ಲ. 'ನನ್ ಕೈ ಹೋಯ್ತು ಕಣವ್ವಾ, ಬೀಗರೇ ಎಲೆ ಮಡಚ್ಕೊಂಡ್ ಎದ್ರು' ಅಂತಾರೆ. ಯಾರೂ ನಂಗೆ ಒಂದ್ ಮಾತೂ ಅಂದಿಲ್ಲ. ಆದ್ರೆ ನನ್ ಮುಖ ನೋಡ್ದಾಗೆಲ್ಲ ಅವ್ರಿಗೆ ನಿಮ್ ಎಲೆ ನೆನಪಾಗತ್ತೆ." ಮಗಳು ಅತ್ತಳು. ಅರವತ್ತು ವರ್ಷ ಒಂದು ಮನೆಯ ಸಾರಿಗೆ ಹೆಸರು ತಂದ ಕೈ ನನ್ನಿಂದಾಗಿ ಮಡಿಲಲ್ಲಿ ಸುಮ್ಮನೆ ಕೂತಿತು. ನಾಚಿಕೆಯಾಯಿತು, ಮಾನ್ಯರೇ. ಆದರೂ ಸೂಜಿಯ ವಿಷಯ ಬಾಯಿಬಿಡಲಿಲ್ಲ.

ಈಗ ತಮ್ಮ ಚೀಟಿ ಹೇಳದೆ ಬಿಟ್ಟ ಭಾಗಕ್ಕೆ ಬರುತ್ತೇನೆ. ದಸರೆಯ ಹೊತ್ತಿಗೆ, ವಾರ ತಪ್ಪದೆ ಚುಚ್ಚಿಕೊಳ್ಳುತ್ತಿದ್ದರೂ, ಆ ಸಪ್ಲೈಯರ್ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಗಿಲ ಸಂದಿಯಿಂದ ಇಣುಕಿದ. "ಕಾಫಿ ಏನಾದ್ರೂ…?" ದೀಪಾವಳಿಗೆ ಎರಡು ಒಬ್ಬಟ್ಟು ತಿನ್ನಿಸಿ ಹೋದ. ತೂಕದ ಯಂತ್ರ ಎಂಬತ್ತಾರರಲ್ಲಿ ನಿಂತುಬಿಟ್ಟಿತು. ಸರಿ, ಕೋರ್ಸ್ ಮುಗಿಯಿತು ಎಂದುಕೊಂಡೆ. ಜ್ವರ ಬಿಟ್ಟ ಮೇಲೆ ಮಾತ್ರೆ ಬಿಡುವುದಿಲ್ಲವೇ, ಹಾಗೆ. ಡಿಸೆಂಬರಿನಲ್ಲಿ ಡಾಕ್ಟರನ್ನೂ ಕೇಳದೆ ನಿಲ್ಲಿಸಿದೆ. ಅವರೆಕಾಯಿಯ ಕಾಲ ಬೇರೆ! ಆರು ವಾರದೊಳಗೆ ಅವನು ಪೂರ್ತಿ ಡ್ಯೂಟಿಗೆ ಹಾಜರಾದ, ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ವಸೂಲಿ ಮಾಡುವವನಂತೆ. ದರ್ಶಿನಿಯಲ್ಲಿ ನಿಂತಲ್ಲೇ ಆರು ಇಡ್ಲಿ ಮುಗಿಸಿ ಮನೆಗೆ ಹೋಗಿ ಹಿತಕಿದ ಬೇಳೆ ಸಾರಿಗೆ ಕೂರುತ್ತಿದ್ದೆ.

ಆಗ ನನಗೊಂದು ಮಹಾ ಐಡಿಯಾ ಹೊಳೆಯಿತು. ಹೇಗೂ ಹಸಿವು ವಾಪಸ್ ಬಂದಿದೆ. ಮೂಡಲಪಾಳ್ಯಕ್ಕೆ ಹೋಗಿ ಹೊಟ್ಟೆತುಂಬ ಉಂಡು ಹಳೆಯ ಅವಮಾನ ತೊಳೆದುಬಿಡೋಣ! ಹೋದೆ, ಕೂತೆ. ದಿವ್ಯ ಕೋಳಿಸಾರು ಬಡಿಸಿದಳು. ಮೂರು ಮುದ್ದೆ ನುಂಗಿದೆ, ತಟ್ಟೆ ಬಳಿದೆ, ಬೆರಳು ನೆಕ್ಕಿದೆ. ಗೆದ್ದೆನೆಂದು ತಲೆಯೆತ್ತಿದರೆ ಬಾಗಿಲ ಬಳಿ ಪಾಪಮ್ಮನವರು. "ಅಂಗ್ಡಿ ಪುಡಿ ಸಾರಿಗೆ ಮೂರ್ ಮುದ್ದೆ. ನನ್ ಸಾರಿಗೆ ಎರಡ್ ತುತ್ತು. ಇನ್ನೇನ್ ಹೇಳ್ಬೇಕಪ್ಪಾ ನೀನು?" ಅವರು ಒಳಗೆ ಹೋಗಿ ಮಲಗಿಬಿಟ್ಟರು. ಆ ಮನೆಯಲ್ಲಿ ಅವರು ಅಡಿಗೆ ಬಿಟ್ಟಂದಿನಿಂದ ಪ್ಯಾಕೆಟ್ ಮಸಾಲೆಯೇ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಅವತ್ತು ಉಣ್ಣದೆ ಮಾಡಿದ ಅವಮಾನಕ್ಕೆ ಇವತ್ತು ಉಂಡು ಸಾಕ್ಷಿ ಒದಗಿಸಿದ್ದೆ.

ಕೊನೆಗೆ ಮರುವಾರ ಮತ್ತೆ ಹೋಗಿ ಎಲ್ಲರ ಮುಂದೆ ನಿಜ ಹೇಳಿದೆ. ರಾಮಯ್ಯನವರು ಪೂರ್ತಿ ಕೇಳಿಸಿಕೊಂಡು, "ಬೀಗ್ರೇ, ಅವತ್ತು ಜೀರಿಗೆ ನೀರು ಅಂದ್ರಿ. ನಾನೂ ಮೂರ್ ತಿಂಗಳು ಕುಡ್ದೆ. ಇವತ್ತು ಇಂಜೆಕ್ಷನ್ ಅಂತೀರಾ. ಮುಂದಿನ್ ಸಲ ಏನು?" ಎಂದರು. ಸಾಕ್ಷಿಗೆಂದು ಜೇಬಿನಲ್ಲಿ ತಂದಿದ್ದ ತಮ್ಮ ಚೀಟಿಯನ್ನೇ ಹರಡಿದೆ. ಬಿಚ್ಚಿದರೆ ಟವಲಿನಷ್ಟು ಅಗಲ, ಅಕ್ಷರ ಮಾತ್ರ ರಾಗಿಕಾಳಿಗಿಂತ ಸಣ್ಣದು. ಪಾಪಮ್ಮನವರು ಮೂರನೇ ಕ್ಲಾಸು ಓದಿದವರು. ದಿನಾ ಪೇಪರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಬಾಯಿಮಾತು ನಂಬುವುದಿಲ್ಲ, ಅಚ್ಚಾದದ್ದನ್ನು ನಂಬುತ್ತಾರೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ, "ಕನ್ನಡ ಎಲ್ಲೈತಪ್ಪಾ ಇದ್ರಲ್ಲಿ?" ಎಂದರು. ತಾವಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? ಗೌತಮ್ ಓದಿ ಹೇಳಿದ: ಇಲಿಗಳಿಗೆ ಏನೇನಾಯಿತು ಎಂದು ಉದ್ದಕ್ಕೆ ಇದೆ, ಮಲಬದ್ಧತೆಗೂ ತಲೆನೋವಿಗೂ ನಡುವೆ "ಹಸಿವು ಕಡಿಮೆಯಾಗಬಹುದು" ಎಂದು ಒಂದು ಮಾತಿದೆ. ಪಾಪಮ್ಮನವರು ನಕ್ಕರು. "ಹಸಿವು ನಂಗೂ ಕಮ್ಮಿನೇ. ನಾನ್ ಎಲೆ ಮಡಚ್ತೀನಾ?"

ಮಾನ್ಯರೇ, ಇಲಿಯ ಸಮಾಚಾರ ಅಷ್ಟು ಬರೆದವರಿಗೆ ಮನುಷ್ಯನ ಸಮಾಚಾರ ಎರಡು ಸಾಲು ಬರೆಯಲು ಜಾಗ ಸಾಲಲಿಲ್ಲವೇ? ಇಲಿಗೆ ಬೀಗರಿದ್ದಾರೆಯೇ? ಇದನ್ನೆಲ್ಲ ಡಾಕ್ಟರು ಹೇಳಬೇಕಿತ್ತು ಎಂದು ತಾವು ಜಾರಿಕೊಳ್ಳಬಹುದು. ಅವರು ಹೇಳಿದ್ದರು. ಆಚೆ ಮೂವತ್ತು ಜನ ಕಾಯುತ್ತಿದ್ದಾಗ ನಾಲ್ಕು ನಿಮಿಷದಲ್ಲಿ ಹೇಳಿದರು. ನಾನು ನಾಲ್ಕು ನಿಮಿಷವೂ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಮರೆತದ್ದನ್ನು ನೆನಪಿಸಲಿಕ್ಕೇ ಅಲ್ಲವೇ ಡಬ್ಬಿಯಲ್ಲಿ ಕಾಗದ ಇಡುವುದು?

ಹೋದ ವಾರ ರಕ್ತಪರೀಕ್ಷೆಯಾಯಿತು. ಸಕ್ಕರೆ ಮತ್ತೆ ಏರಿದೆ, ತೂಕ ತೊಂಬತ್ತೇಳು. ಡಾಕ್ಟರು ಚೆನ್ನಾಗಿ ಬೈದು, ಸಣ್ಣ ಡೋಸಿನಿಂದ ಮತ್ತೆ ಶುರು ಮಾಡಲು ಹೇಳಿದ್ದಾರೆ. ಬರುವ ಸೋಮವಾರ ಮೊದಲ ಸೂಜಿ. ಆಮೇಲೆ ಹಸಿವಿನ ಭರವಸೆಯಿಲ್ಲ, ನನ್ನ ಕೈಲಿರುವುದು ಒಂದು ಭಾನುವಾರ. ಅಷ್ಟರಲ್ಲಿ ತಮ್ಮ ಕಚೇರಿ ಕನ್ನಡದ ಚೀಟಿ ಅಚ್ಚು ಹಾಕಿಸುತ್ತದೆಂದು ನಂಬುವಷ್ಟು ಎಳೆಯವನಲ್ಲ ನಾನು. ಅದಕ್ಕೇ ಈ ಪತ್ರವನ್ನು ತಮ್ಮ ಟಪ್ಪಾಲು ವಿಭಾಗಕ್ಕೆ ಹಾಕದೆ ಪೇಪರಿಗೆ ಕೊಟ್ಟಿದ್ದೇನೆ. ಅಚ್ಚಾದದ್ದನ್ನು ನಂಬುವವರು ಇದನ್ನು ಓದಬೇಕು. ತಾವು ದಯವಿಟ್ಟು ಒಂದು ನಿಮಿಷ ಪಕ್ಕಕ್ಕೆ ಸರಿಯಿರಿ. ಸಂಪಾದಕರೇ, ಮುಂದಿನ ಪ್ಯಾರಾ ಮಾತ್ರ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ.

ಪಾಪಮ್ಮನವರೇ, ಅಮ್ಮಾ, ಅವತ್ತು ನಿಮ್ಮ ಸಾರು ಕೆಟ್ಟಿರಲಿಲ್ಲ. ಅದರಲ್ಲಿ ಗಸಗಸೆ ಹದವಾಗಿತ್ತು, ಕೊಬ್ಬರಿಯನ್ನು ಕೆಂಡದಲ್ಲಿ ಸುಟ್ಟು ಹಾಕಿದ್ದಿರಿ, ಅದು ಎರಡೇ ತುತ್ತಿಗೆ ನನಗೆ ಗೊತ್ತಾಯಿತು. ಕೆಟ್ಟದ್ದು ನನ್ನ ಹೊಟ್ಟೆ. ಅದಕ್ಕಿಂತ ಕೆಟ್ಟದ್ದು ನನ್ನ ಒಣಜಂಭ. ಸೂಜಿ ಚುಚ್ಚಿಕೊಳ್ಳುತ್ತೇನೆಂದು ಹೇಳಲು ನಾಚಿಕೊಂಡೆ, ನಿಮ್ಮ ಕೈಗೆ ಕೆಟ್ಟ ಹೆಸರು ತರಲು ನಾಚಿಕೊಳ್ಳಲಿಲ್ಲ. ದಿವ್ಯಳದು ಇದರಲ್ಲಿ ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಬರುತ್ತೇನೆ. ಒರಳುಕಲ್ಲು ತೊಳೆದಿಡಲು ಮಗಳಿಗೆ ಹೇಳಿದ್ದೇನೆ. ರುಬ್ಬುವುದೂ ಬಿಡುವುದೂ ನಿಮ್ಮಿಷ್ಟ.

ಮಾನ್ಯರೇ, ಈಗ ತಾವು ಮುಂದೆ ಬರಬಹುದು. ನನ್ನ ಬೇಡಿಕೆ ಇದು. ಆ ಚೀಟಿಯಲ್ಲಿ, ಅಜ್ಜಿಯಂದಿರ ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಕನ್ನಡದಲ್ಲಿ ಹೀಗೆ ಹಾಕಿಸಿ: "ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಡೋಸ್ ಏರಿಸಿದಾಗ, ಎರಡು ತುತ್ತಿಗೇ ಹೊಟ್ಟೆ ತುಂಬಬಹುದು. ಕಾಲ ಕಳೆದಂತೆ ಹಸಿವು ಸ್ವಲ್ಪ ಸ್ವಲ್ಪ ಮರಳಬಹುದು. ಸೂಜಿ ನಿಲ್ಲಿಸಿದರೆ ಸಾಮಾನ್ಯವಾಗಿ ಹಸಿವೂ ತೂಕವೂ ವಾಪಸ್ ಬರುತ್ತವೆ; ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಯಾವ ಹಂತದಲ್ಲೂ ಅಡಿಗೆ ಮಾಡಿದವರ ಕೈಯಲ್ಲಿ ದೋಷವಿಲ್ಲ." ಮೊದಲ ಮೂರು ಮಾತನ್ನು ತಜ್ಞರು ತಿದ್ದಿದರೂ ನನ್ನ ಅಭ್ಯಂತರವಿಲ್ಲ. ಕೊನೆಯದನ್ನು ಮಾತ್ರ ಯಾವ ಸಮಿತಿಗೂ ಕಳಿಸದೆ ಹಾಗೇ ಇಡಿ.

ಇಂತಿ,
ಸೋಮವಾರದವರೆಗೆ ಮಾತ್ರ ಹಸಿದಿರುವ
ಮೋಹನ್ ಕುಮಾರ್
ಗೋವಿಂದರಾಜನಗರ